ಚಿಕ್ಕಮುನಿಯಮ್ಮ ಆಡದ ಮಾತು

ಚಾಮರಾಜಪೇಟೆಯ ತಿರುವೊಂದರಲ್ಲಿ ತರಕಾರಿ ಅಂಗಡಿ ಇಟ್ಟುಕೊಂಡಿದ್ದ ಚಿಕ್ಕಮುನಿಯಮ್ಮ ಗಿರಾಕಿಗಳಿಗೆ ‘ಇಲ್ಲ’ ಎಂದದ್ದನ್ನು ಮಗಳು ರಮ್ಯಾ ಒಮ್ಮೆಯೂ ಕೇಳಿರಲಿಲ್ಲ. ಕೊತ್ತಂಬರಿ ಮುಗಿದಿದ್ದರೆ ‘ಬೆಳಿಗ್ಗೆ ಬನ್ನಿ, ಎಳೇದು ಬತ್ತದೆ’ ಎನ್ನುವಳು. ಮನೆಯಲ್ಲಿ ಡಬ್ಬಿಯ ತಳ ಕಂಡರೆ ‘ಅಕ್ಕಿ ತುಂಬೈತೆ’ ಎನ್ನುವಳು. ಅಂಗಡಿಯಿಂದ ತರಬೇಕು ಎಂದು ಅದರ ಅರ್ಥ. ಇಲ್ಲ ಎನ್ನುವ ಬಾಯಿಗೆ ಲಕ್ಷ್ಮಿ ಹೆದರುತ್ತಾಳೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳಂತೆ.

ಅಂಥವಳ ಬಾಯಿಂದ ಭಾನುವಾರದೊಳಗೆ ಆ ಮಾತನ್ನೇ ಆಡಿಸಬೇಕಿತ್ತು, ಅದೂ ಫಿಲಿಪೀನ್ಸಿನ ಟಗಾಲೊಗ್ ಭಾಷೆಯಲ್ಲಿ.

ರಮ್ಯಾಳ ಅಣ್ಣ ಗೋಕುಲ್ ದುಬೈನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ. ಜೊತೆಯಲ್ಲಿ ಕೆಲಸಕ್ಕಿದ್ದ ಫಿಲಿಪೀನ್ಸಿನ ಮಾರಿಸೆಲ್‌ಳನ್ನು ಮದುವೆಯಾದ. ಮಗಳು ಲಿಯಾ ಹುಟ್ಟಿದ ಮೇಲೆ ಮಾರಿಸೆಲ್ ಮಗುವಿನೊಂದಿಗೆ ತವರಿಗೆ ಹೋಗಿದ್ದಳು. ಹೋದ ವರ್ಷ ಗೋಕುಲ್ ನಿದ್ದೆಯಲ್ಲೇ ತೀರಿಹೋದ. ದೇಹ ಬಂದದ್ದು ಬೆಂಗಳೂರಿಗೆ. ಮಗುವಿಗೆ ಏನು ಹೇಳುವುದೆಂದು ತೋಚದೆ, ಅಪ್ಪ ಬೆಂಗಳೂರಿನ ಲೋಲಾನ ಮನೆಗೆ ಹೋಗಿದ್ದಾನೆ ಎಂದಿದ್ದಳು ಮಾರಿಸೆಲ್. ಲೋಲಾ ಎಂದರೆ ಅಜ್ಜಿ. ಅಂದಿನಿಂದ ಪ್ರತಿ ಭಾನುವಾರದ ವಿಡಿಯೋ ಕರೆಯಲ್ಲೂ ಲಿಯಾ ಅಪ್ಪನನ್ನು ಕೇಳುತ್ತಿದ್ದಳು. ಮಲಗಿದ್ದಾನೆ ಎನ್ನುತ್ತಿದ್ದರು.

ಈಗ ಮಗು ಸ್ಕೂಲಿಗೆ ಸೇರಿ, ಅಪ್ಪ ಬರುತ್ತಾನೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿತ್ತು. ಮಾರಿಸೆಲ್ ನಿಜ ಹೇಳಿದರೆ ನಂಬಲಿಲ್ಲ. ಕಳೆದ ವಾರ ರಮ್ಯಾ ಹೇಳಲು ಹೊರಟಾಗ ನಕ್ಕು, ಲೋಲಾನ ಕರಿ, ಅವಳು ಎಬ್ಬಿಸುತ್ತಾಳೆ ಎಂದಿತು. ಅಜ್ಜಿಯೇ ಹೇಳಬೇಕು, ಮಗುವಿನ ಭಾಷೆಯಲ್ಲೇ ಹೇಳಬೇಕು ಎಂದು ಮಾರಿಸೆಲ್ ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಅವಳ ಮಾತನ್ನು ಅಮ್ಮನಿಗೆ, ಅಮ್ಮನದನ್ನು ಅವಳಿಗೆ ದಾಟಿಸಿ ದಾಟಿಸಿ ರಮ್ಯಾ ಸುಸ್ತಾಗಿದ್ದಳು. ಇಬ್ಬರ ಅಳುವೂ ತನ್ನ ಗಂಟಲಿನಿಂದಲೇ ಹಾದುಹೋಗಬೇಕು. ತನ್ನದಕ್ಕೆ ಅಲ್ಲಿ ಜಾಗವಿರಲಿಲ್ಲ.

ಎಂ.ಎ. ಓದಿದ ಅವಳು ಫೋನಿನಲ್ಲಿ ಮೊದಲ ಪಾಠಗಳನ್ನು ಕಲಿತು ಅಮ್ಮನಿಗೆ ಹೇಳಿಕೊಟ್ಟಳು. ಏನಾದರೂ ಇದೆ ಎನ್ನಲು ‘ಮಾಯ್’, ಇಲ್ಲ ಎನ್ನಲು ‘ವಲಾ’. ಮನೆ ಇದೆ ಎನ್ನುವುದಕ್ಕೂ ನನಗೆ ಮನೆ ಇದೆ ಎನ್ನುವುದಕ್ಕೂ ಅದೇ ಮಾತು, ನಮ್ಮಲ್ಲಿದ್ದ ಹಾಗೆ. ‘ಮಾಯ್’ ಅಮ್ಮನಿಗೆ ಸಲೀಸಾಗಿ ಬಂತು. ಬದನೆ ಜೋಡಿಸುತ್ತ ‘ಮಾಯ್ ತಲೊಂಗ್’, ಶುಂಠಿ ಮುಟ್ಟಿ ‘ಮಾಯ್ ಲೂಯಾ’ ಎನ್ನುವಳು.

“ಏನಮ್ಮ, ತರಕಾರಿಗೆ ಮಂತ್ರ ಹಾಕ್ತಿದೀಯಾ?” ಎಂದರು ದಿನಾ ಬರುವ ಶ್ರೀನಿವಾಸಯ್ಯ.

“ಮಂತ್ರ ಹಾಕಿದ್ರೆ ನೀವು ಚೌಕಾಸಿ ಮಾಡೋದು ಬಿಡ್ತೀರಾ ಸ್ವಾಮಿ?”

‘ವಲಾ’ ಬಂದಾಗ ಮಾತ್ರ ಅವಳು ಸೊಪ್ಪಿನ ಮೇಲೆ ನೀರು ಚಿಮುಕಿಸತೊಡಗುವಳು. ಶನಿವಾರ ಸಂಜೆ ರಮ್ಯಾ ಪಟ್ಟು ಹಿಡಿದಳು. ವಲಾ ನಾ ಸಿ ತಾತಾಯ್. ಅಪ್ಪ ಇನ್ನಿಲ್ಲ. ಅಷ್ಟೇ, ಒಂದು ಸಲ ಹೇಳಿದರೆ ಸಾಕು.

“ಅದೊಂದು ಬ್ಯಾಡ ಬಿಡೇ,” ಎಂದಳು ಅಮ್ಮ. “ಬಾಯಿಬಿಟ್ಟು ಅಂದ್ಬಿಟ್ರೆ ಇರೋದೂ ಹೋಗ್ತದೆ.”

“ಇರೋದು ಏನಿದೆ ಅಮ್ಮ?”

ಅಮ್ಮ ಒದ್ದೆ ಗೋಣಿಯನ್ನು ಸೊಪ್ಪಿನ ಮೇಲೆ ಎಳೆದು, ಮಗುವಿಗೆ ಹೊದಿಸುವಂತೆ ಅಂಚುಗಳನ್ನು ಒಳಕ್ಕೆ ಸೇರಿಸಿದಳು. ಕೇಳಬಾರದಿತ್ತು ಎಂದು ರಮ್ಯಾಳಿಗೆ ಅನಿಸಿತು.

ಭಾನುವಾರ ಮಧ್ಯಾಹ್ನ ಕರೆ ಬಂತು. ಲಿಯಾಳ ಮುಂದಿನ ಹಲ್ಲು ಬಿದ್ದಿತ್ತು. ಅದನ್ನು ತೋರಿಸಿದ್ದಾದ ಮೇಲೆ ಎಂದಿನಂತೆ ಅಪ್ಪನನ್ನು ಕೇಳಿದಳು. ಮಾರಿಸೆಲ್ ತಲೆ ತಗ್ಗಿಸಿದಳು. ರಮ್ಯಾ ಅಮ್ಮನ ಕಡೆ ನೋಡಿದಳು.

ಚಿಕ್ಕಮುನಿಯಮ್ಮ ಮಂಡಿಗೆ ಕೈಕೊಟ್ಟು ಎದ್ದಳು. ಫೋನು ಇಸಿದುಕೊಂಡು ಗೋಕುಲ್ ಮಲಗುತ್ತಿದ್ದ ಕೋಣೆಯ ದೀಪ ಹಾಕಿದಳು. ಮಂಚದ ಮೇಲೆ ಒಗೆದ ಗವುಸಿನ ದಿಂಬು. “ಮಾಯ್ ಉನಾನ್,” ಎಂದಳು. ಬಗ್ಗಿ ಮಂಚದ ಕೆಳಗೆ ತೋರಿಸಿದಳು. “ಮಾಯ್ ಸಾಪಾತೋಸ್.” ಷೂಗಳಿದ್ದವು. ಬೀರುವಿನ ಬಾಗಿಲು ತೆಗೆದಳು, ಅಂಗಿಗಳಿದ್ದವು. ಬಚ್ಚಲ ಬಾಗಿಲು ತೆಗೆದಳು, ಅಡುಗೆಮನೆಗೆ ಹೋದಳು, ಹಿತ್ತಲಿಗೂ ಹೋದಳು. ಇದ್ದದ್ದನ್ನೆಲ್ಲ, ಗೊತ್ತಿದ್ದಷ್ಟು ಮಾತಿನಲ್ಲಿ, ಇದೆ ಇದೆ ಎಂದೇ ಹೇಳಿದಳು. ಹಿಂದೆ ಹಿಂದೆ ನಡೆಯುತ್ತಿದ್ದ ರಮ್ಯಾ ಅಣ್ಣನ ಕೋಣೆಯೊಳಗೆ ಅವನು ತೀರಿಹೋದ ಮೇಲೆ ಕಾಲಿಟ್ಟಿರಲಿಲ್ಲ.

ಕೊನೆಗೆ ನಡುಮನೆಯ ಗೋಡೆಯ ಮುಂದೆ ನಿಂತು ಫೋನನ್ನು ಮೇಲೆತ್ತಿದಳು. ಫೋಟೋದಲ್ಲಿ ಗೋಕುಲ್ ನಗುತ್ತಿದ್ದ, ಸುತ್ತ ಸೇವಂತಿಗೆ ಹಾರ. ಅದಕ್ಕೆ ಅವಳು ಯಾವ ಮಾತೂ ಹೇಳಲಿಲ್ಲ. ಎತ್ತಿದ ಕೈ ಇಳಿಸಲಿಲ್ಲ.

ಆ ಕಡೆ ಲಿಯಾ ಮುಖವನ್ನು ಪರದೆಯ ಹತ್ತಿರಕ್ಕೆ ತಂದಳು.

“ವಲಾ ಸಿ ತಾತಾಯ್,” ಎಂದಿತು ಮಗು. ಅಪ್ಪ ಇಲ್ಲ. ಅದು ಪ್ರಶ್ನೆಯಾಗಿರಲಿಲ್ಲ.

“ಹೂಂ ಕಂದ,” ಎಂದಳು ಚಿಕ್ಕಮುನಿಯಮ್ಮ.

ಮಾರಿಸೆಲ್‌ಳ ಕೈ ಬಂದು ಮಗುವನ್ನು ಎದೆಗೆ ಎಳೆದುಕೊಂಡಿತು. ಪರದೆಯ ತುಂಬ ಅವಳ ಅಂಗಿಯ ಹೂಗಳಷ್ಟೇ ಕಂಡವು.

ಸೋಮವಾರ ಅಂಗಡಿಯಲ್ಲಿ ಅಮ್ಮ ಏನನ್ನೂ ಮುಟ್ಟಿ ಹೆಸರು ಹೇಳಲಿಲ್ಲ. ಬಿಸಿಲೇರಿದ ಮೇಲೆ ಶ್ರೀನಿವಾಸಯ್ಯ ಬಂದು ಕೊತ್ತಂಬರಿ ಕೇಳಿದರು.

“ಇಲ್ಲ ಸ್ವಾಮಿ.”

ಅಮ್ಮ ಇನ್ನೇನೋ ಹೇಳುತ್ತಾಳೆಂದು ಅವರು ಚೀಲ ಹಿಡಿದುಕೊಂಡೇ ಕಾದರು. ಆಮೇಲೆ ರಮ್ಯಾಳ ಮುಖ ನೋಡಿ ಹೊರಟುಹೋದರು. ಚಿಕ್ಕಮುನಿಯಮ್ಮ ಖಾಲಿ ಗೋಣಿಯನ್ನು ರಸ್ತೆಯ ಕಡೆ ಕೊಡವಿ, ಮಡಿಸಿ, ಅದರ ಮೇಲೆ ಕೂತಳು. ರಮ್ಯಾ ಜರುಗಿ ಅವಳ ಪಕ್ಕದಲ್ಲಿ ಕೂತಳು.