ಮರಳಿ ಬಂದ ಮುಟ್ಟು

ನನ್ನ ಹೆಂಡತಿ ನಬೀಸಾಳಿಗೆ ಐವತ್ತೊಂಬತ್ತನೇ ಪ್ರಾಯದಲ್ಲಿ ಮುಟ್ಟು ಮರಳಿ ಬಂದಿದೆ ಎಂದು ನಾವಿಬ್ಬರೂ ನಂಬಿದ್ದೆವು. ನಗುವವರು ನಗಲಿ. ನಮ್ಮಂಥ ಕತ್ತೆಗಳು ತೊಕ್ಕೊಟ್ಟಿನಲ್ಲಿ ದೀಪ ಹಿಡಿದು ಹುಡುಕಿದರೂ ಸಿಗಲಿಕ್ಕಿಲ್ಲ.

ನಾನು ನೂರ್ ಮುಹಮ್ಮದ್. ಮದುವೆಯಾದ ಮೂರನೇ ತಿಂಗಳಿಗೆ ಶಾರ್ಜಾಕ್ಕೆ ಹೋದವನು ಮೂವತ್ತನಾಲ್ಕು ವರ್ಷ ಅಲ್ಲೇ ಒಂದು ಅಂಗಡಿಯಲ್ಲಿ ಅಕ್ಕಿ, ಸಾಬೂನು ಮಾರಿದೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಹೆಂಡತಿಯ ಸ್ವಭಾವ ಅರ್ಥವಾಗುವಷ್ಟರಲ್ಲಿ ವಿಮಾನದ ದಿನ ಬರುತ್ತಿತ್ತು. ಅವಳ ಮುಟ್ಟು ನಿಂತದ್ದು ಯಾವಾಗ ಎಂದು ಸಹ ನನಗೆ ಗೊತ್ತಿರಲಿಲ್ಲ. ಅಂಥದ್ದನ್ನೆಲ್ಲ ಫೋನಿನಲ್ಲಿ ಯಾರು ಹೇಳುತ್ತಾರೆ?

ಮೂರು ವರ್ಷದ ಹಿಂದೆ ಊರಿಗೆ ಬಂದು ನೆಲೆಸಿದೆ. ನಿಜವಾಗಿ ನಮ್ಮ ಮದುವೆ ಶುರುವಾದದ್ದು ಆಗಲೇ. ಬೆಳಿಗ್ಗೆ ಮಗ ಇಮ್ತಿಯಾಝ್ ಅಂಗಡಿಗೆ, ಸೊಸೆ ನಜ್ಲಾ ಶಾಲೆಗೆ ಪಾಠ ಮಾಡಲು ಹೋದರೆ ಸಂಜೆಯವರೆಗೆ ಮನೆ ನಮ್ಮದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ನಮಗೆ ಹಲ್ಲು ಇನ್ನೂ ನಾಲ್ಕು ಉಳಿದಿತ್ತು. "ಅರುವತ್ತಕ್ಕೆ ಅರಳು ಮರಳು ನಿಮಗೆ" ಎಂದು ನಬೀಸಾ ಬಯ್ಯುತ್ತಲೇ ಬಾಗಿಲಿಗೆ ಚಿಲಕ ಹಾಕುತ್ತಿದ್ದಳು. ಅಷ್ಟು ಸುಖವನ್ನು ನಾನು ನನ್ನ ಜನ್ಮದಲ್ಲಿ ಕಂಡದ್ದಿಲ್ಲ.

ಒಂದು ಮಧ್ಯಾಹ್ನ ಕೂಡಿದ ಮೇಲೆ ಹಾಸಿನಲ್ಲಿ ರಕ್ತ ಕಂಡಿತು. ನಾನು ಹೆದರಿದೆ. ಅವಳು ಹೆದರಲಿಲ್ಲ.

"ನಿಂತು ಹತ್ತು ವರ್ಷ ಆಯ್ತು" ಎಂದಳು ನಾಚುತ್ತಾ. "ನೀವು ಇಲ್ಲದೆ ಒಣಗಿತ್ತೋ ಎಂತದೋ. ಈಗ ನೀವು ಬಂದಿದ್ದೀರಲ್ಲ, ಮೈ ಪುನಃ ತಿರುಗಿರಬೇಕು."

ಅದನ್ನು ಕೇಳಿ ನಾನು ಉಬ್ಬಿಹೋದೆ. ಅರುವತ್ತು ದಾಟಿದ ಗಂಡಸಿಗೆ ಇದಕ್ಕಿಂತ ದೊಡ್ಡ ಬಹುಮಾನ ಉಂಟಾ? ಅವಳು ಮುಟ್ಟಿನ ದಿನಗಳ ಹಾಗೆಯೇ ನಮಾಝ್ ಬಿಟ್ಟಳು, ನನ್ನಿಂದ ದೂರ ಮಲಗಿದಳು. ನಿಂತ ಮೇಲೆ ಕೂಡುತ್ತಿದ್ದೆವು, ಮತ್ತೆ ಬರುತ್ತಿತ್ತು. ಕೂಡಿದಾಗಲೆಲ್ಲ ಬರುವ ಮುಟ್ಟು ಯಾವ ಲೋಕದಲ್ಲಿ ಉಂಟು ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ. ಸೊಸೆಗೆ ಗೊತ್ತಾಗಬಾರದೆಂದು ನಾನೇ ಹೊಳೆ ದಾಟಿ, ಗುರುತಿನವರಿಲ್ಲದ ಬಿಕರ್ನಕಟ್ಟೆಯ ಮೆಡಿಕಲ್‌ನಿಂದ ಪ್ಯಾಡ್ ತರುತ್ತಿದ್ದೆ.

ಏಳೆಂಟು ತಿಂಗಳಾಗುವಾಗ ಅವಳಿಗೆ ಸೊಂಟನೋವು ಹಿಡಿಯಿತು, ಉಚ್ಚೆ ಹೊಯ್ಯುವಾಗ ಉರಿ. ತೂಕ ಇಳಿಯಿತು. ಇಮ್ತಿಯಾಝ್ ನಮ್ಮಿಬ್ಬರನ್ನೂ ಪೇಟೆಯ ಡಾಕ್ಟರ್ ಮುಖೇಶ್ ಅವರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಎಳೆಯ ಪ್ರಾಯದ ಡಾಕ್ಟರು, ಒಳ್ಳೆಯ ಮಾತು. ಎಲ್ಲ ಬರೆದುಕೊಂಡು ಕೇಳಿದರು, "ರಕ್ತ ಹೋಗುವುದು ಎಂತಾದರೂ ಉಂಟಾ ಅಮ್ಮ?"

ನಬೀಸಾ ತಲೆ ತಗ್ಗಿಸಿದಳು. ಅವಳ ಪರವಾಗಿ ಮಗ ಉತ್ತರ ಕೊಟ್ಟ. "ಇಲ್ಲ ಡಾಕ್ಟ್ರೇ. ಉಮ್ಮನಿಗೆ ಅರುವತ್ತು ಆಗ್ತಾ ಬಂತು. ಅದೆಲ್ಲ ನಿಂತು ಎಷ್ಟೋ ವರ್ಷ ಆಯ್ತು."

ಡಾಕ್ಟರು ನನ್ನ ಮುಖ ನೋಡಿದರು. ಒಂದು ಮಾತು ಸಾಕಿತ್ತು. ಆದರೆ ರಕ್ತ ಉಂಟು ಎಂದರೆ ಯಾವಾಗ ಎಂದು ಕೇಳುತ್ತಾರೆ. ಯಾವಾಗ ಎಂದು ನನ್ನ ಮಗನ ಎದುರು ಹೇಗೆ ಹೇಳಲಿ? "ಉಷ್ಣ ಆಗಿರಬೇಕು ಡಾಕ್ಟ್ರೇ" ಎಂದುಬಿಟ್ಟೆ. ಅವರು ಉರಿಮೂತ್ರಕ್ಕೆ ಗುಳಿಗೆ ಬರೆದು, ಕಡಿಮೆಯಾಗದಿದ್ದರೆ ಲೇಡಿ ಡಾಕ್ಟರಿಗೆ ತೋರಿಸಿ ಎಂದರು. ಸ್ವಲ್ಪ ಕಡಿಮೆಯಾದ ಹಾಗೆ ಕಂಡಿತು. ಇನ್ನೂ ಐದು ತಿಂಗಳು ಹಾಗೇ ಕಳೆದೆವು.

ಕೊನೆಗೆ ನಬೀಸಾ ಅಡುಗೆಮನೆಯಲ್ಲಿ ಬಿದ್ದ ದಿನ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಡಾಕ್ಟರ್ ಕ್ರಿಸ್ಟಿನ್ ಎಂಬವರು ಮೊದಲು ಮಾಡಿದ ಕೆಲಸವೆಂದರೆ ಇಮ್ತಿಯಾಝ್‌ನನ್ನು ಹೊರಗೆ ಕಳಿಸಿದ್ದು. ಆಮೇಲೆ, ಚಹಾ ಆಯ್ತಾ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದರು, "ನೀವಿಬ್ಬರು ಕೂಡುವುದು ಉಂಟಾ?"

ನಬೀಸಾ ಶಾಲು ಮುಖಕ್ಕೆ ಎಳೆದುಕೊಂಡಳು. "ಉಂಟು" ಎಂದೆ ನಾನು.

"ಆಮೇಲೆ ರಕ್ತ ಕಾಣ್ತದಾ?"

"ಕಾಣ್ತದೆ. ವರ್ಷ ದಾಟಿತು. ಮುಟ್ಟು ಪುನಃ ಶುರುವಾದದ್ದು ಅಂತ ನಾವು..."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಿಂತು ಅಷ್ಟು ವರ್ಷದ ಮೇಲೆ ಬರುವುದು ಮುಟ್ಟಲ್ಲ ಸಾಹೇಬ್ರೇ. ಒಂದು ಹನಿ ಕಂಡರೂ ಬಂದು ತೋರಿಸಬೇಕು. ಈ ಪ್ರಾಯದಲ್ಲಿ ಕೂಡುವುದು ತಪ್ಪಲ್ಲ. ನಮ್ಮ ಹತ್ತಿರ ಅಡಗಿಸಿದ್ದು ತಪ್ಪು."

ಹತ್ತು ದಿನದ ನಂತರ ರಿಪೋರ್ಟು ಬಂತು. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್. ಸುತ್ತಲೂ ಹರಡಿದೆ. ರೇಡಿಯೇಶನ್, ಅಂದರೆ ಕರೆಂಟ್ ಕೊಟ್ಟು ನೋಡುವ, ಪೂರ್ತಿ ಗುಣ ಆಗ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ ಎಂದರು. ಮೊದಲ ಸಲ ಕಂಡಾಗಲೇ ಬಂದಿದ್ದರೆ ಎಂದು ಕೇಳಿದೆ. "ಆಗ ಬಹುಶಃ ಆಪರೇಷನ್‌ನಲ್ಲಿ ಮುಗೀತಿತ್ತು" ಎಂದರು ಡಾಕ್ಟರು. ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ.

ಡಾಕ್ಟರ ಕೋಣೆಯ ಬಾಗಿಲು ದಾಟುವ ಮೊದಲು ನಬೀಸಾ ನನ್ನ ಕೈ ಹಿಡಿದಳು. "ಕಾಯಿಲೆ ಎಂತ ಅಂತ ಇಮ್ತಿಯಾಝ್‌ಗೆ ಹೇಳಿ. ಆ ವಿಷಯ ಮಾತ್ರ ಹೇಳಬೇಡಿ. ಸಾಯುವವರೆಗಾದರೂ ನಾನು ಮಗನ ಮುಖ ನೋಡಬೇಕಲ್ಲ."

ಆಗಲಿ ಎಂದೆ.

ಹೊರಗೆ ಇಮ್ತಿಯಾಝ್ ರಿಪೋರ್ಟು ಓದಿದ. ಗೋಡೆಗೆ ಹಣೆ ಒತ್ತಿದ. ಮತ್ತೆ ತನ್ನ ದೋಸ್ತಿ ನಿಯಾಝ್‌ಗೆ ಫೋನು ಹಚ್ಚಿದ.

"ನಾಲ್ಕು ಜನ ಕರ್ಕೊಂಡು ಬಾ ಮಾರಾಯ. ಮುಖೇಶನ ಕ್ಲಿನಿಕ್ಕಿಗೆ ಹೋಗುವ. ನನ್ನ ಉಮ್ಮನಿಗೆ ಕ್ಯಾನ್ಸರ್, ಆ ಬೇವರ್ಸಿ ಉರಿಮೂತ್ರ ಅಂತ ಗುಳಿಗೆ ಕೊಟ್ಟಿದ್ದಾನೆ. ಇವತ್ತು ಅವನ ಕೈ ಮುರಿಯದೆ ಬಿಡುವುದಿಲ್ಲ."

ನನ್ನ ಮಗನನ್ನು ನಾನು ಬಲ್ಲೆ. ಅವನು ಹೇಳಿದರೆ ಮಾಡುವವನು. ಫೋನು ಕಿತ್ತುಕೊಂಡೆ.

"ಆ ಡಾಕ್ಟ್ರು ಕೇಳಿದ್ದರು. ಇಲ್ಲ ಅಂತ ಹೇಳಿದ್ದು ನೀನು. ಉಂಟು ಅಂತ ನನಗೆ ಗೊತ್ತಿತ್ತು."

"ಎಂತ ಗೊತ್ತಿತ್ತು ಉಪ್ಪ?"

"ರಕ್ತ. ನಾವು ಕೂಡಿದಾಗಲೆಲ್ಲ ಬರ್ತಿತ್ತು."

ಬೆಂಚಿನಲ್ಲಿ ಕೂತವರು ತಿರುಗಿ ನೋಡಿದರು. ಇಮ್ತಿಯಾಝ್ ನನ್ನನ್ನು ನೋಡಿದ, ನನ್ನ ಹಿಂದೆ ನಿಂತಿದ್ದ ಉಮ್ಮನನ್ನು ನೋಡಿದ, ಮತ್ತೆ ಮುಖ ಬೇರೆ ಕಡೆ ಮಾಡಿದ. ಕಾರು ತರುತ್ತೇನೆ ಎಂದು ಮೆಟ್ಟಿಲು ಇಳಿದು ಹೋದ. ಡಾಕ್ಟರ್ ಮುಖೇಶ್ ಬದುಕಿಕೊಂಡರು.

ಮರುದಿನವೇ ನಬೀಸಾ ತನ್ನ ಹಾಸಿಗೆಯನ್ನು ನಜ್ಲಾಳ ಕೈಯಲ್ಲಿ ಬದಿಯ ಕೋಣೆಗೆ ಹಾಕಿಸಿಕೊಂಡಳು. ಕರೆಂಟ್ ಕೊಡಿಸಲು ಸೊಸೆಯ ಜೊತೆ ಹೋಗುತ್ತಾಳೆ, ನನ್ನನ್ನು ಕರೆಯುವುದಿಲ್ಲ. ಮೂರನೇ ವಾರ ತಡೆಯಲಾರದೆ ಗಂಜಿ ತೆಗೆದುಕೊಂಡು ನಾನೇ ಒಳಗೆ ಹೋದೆ.

"ನಾನು ಹೇಳದಿದ್ದರೆ ಆ ಡಾಕ್ಟ್ರನ್ನು ಹೊಡೆದು ಹಾಕ್ತಿದ್ದರು ನಬೀಸಾ."

"ಗೊತ್ತುಂಟು. ಹೇಳಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ."

"ಮತ್ತೆ ಯಾಕೆ ಹೀಗೆ?"

ಅವಳು ಗೋಡೆಯ ಕಡೆ ಹೊರಳಿದಳು. "ಮಗನ ಎದುರು ಹೇಳಲಿಕ್ಕೆ ನಿಮ್ಮಿಂದ ಆಗ್ತದೆ ಅಂತ ಆಯ್ತಲ್ಲ" ಎಂದಳು. "ಯಾರದೋ ಕೈ ಮುರಿಯುತ್ತಾರೆ ಅಂತ ಆದಾಗ ನಿಮಗೆ ಬಾಯಿ ಬಂತು. ನನಗೋಸ್ಕರ ಬರಲಿಲ್ಲ."