ಸೋಮವಾರ ಹರಿದ ಪತ್ರಿ

ಬೈಲಹೊಂಗಲದ ಮಥುರಾಬಾಯಿಯವರ ಕುಂಬಳಬಳ್ಳಿಯ ಮೇಲೆ ಆಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಬಳ್ಳಿಯೂ ಸಾಮಾನ್ಯದ್ದಲ್ಲ. ಅದು ಬೆಳೆಯುವ ಸಪ್ಪಳಕ್ಕೆ ಓಣಿಯ ನಾಯಿಗಳು ಬೊಗಳುತ್ತಿದ್ದವು. ಹಿತ್ತಲ ಗೋಡೆ ಹಾರಿ ಪಕ್ಕದ ಚನ್ನವ್ವನ ಅಂಗಳಕ್ಕಿಳಿದು, ಅಲ್ಲಿ ಬಂಡಿಯ ಗಾಲಿಯಷ್ಟು ದೊಡ್ಡ ಕಾಯಿ ಬಿಟ್ಟಿತ್ತು. ಬೇರು ನನ್ನದು ಎಂದು ಮಥುರಾಬಾಯಿ, ಕಾಯಿ ಕೂತ ನೆಲ ನನ್ನದು ಎಂದು ಚನ್ನವ್ವ. ದಿನಾ ಬೆಳಿಗ್ಗೆ ಚಹಾ ಆದ ಕೂಡಲೇ ಜಗಳ. ಎಪ್ಪತ್ತೊಂದರ ನಿವೃತ್ತ ಸಾಲಿ ಅಕ್ಕೋರಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಇರಲಿಲ್ಲ.

ಭಾನುವಾರ ಮಾತ್ರ ಜಗಳಕ್ಕೆ ರಜೆ. ಓಣಿಗೆಲ್ಲ ಇದ್ದದ್ದೊಂದೇ ಬಿಲ್ವದ ಗಿಡ, ಅದೂ ಮಥುರಾಬಾಯಿಯವರ ಹಿತ್ತಲಲ್ಲಿ. ಸೋಮವಾರದ ಶಿವಪೂಜೆಗೆ ಭಾನುವಾರವೇ ಪತ್ರಿ ಹರಿದಿಟ್ಟುಕೊಳ್ಳಬೇಕು. ಸೋಮವಾರ ಹರಿದರೆ ದೋಷ. ಹೀಗಾಗಿ ಭಾನುವಾರ ಚನ್ನವ್ವ ಮೊದಲ್ಗೊಂಡು ಅರ್ಧ ಊರು ಆ ಗಿಡದ ಕೆಳಗೆ. ಸೋಮವಾರ ಗಾಳಿ ಕೂಡ ಅದರ ಎಲೆ ಅಲುಗಿಸುವ ಮುನ್ನ ನಾಲ್ಕು ಸಲ ವಿಚಾರ ಮಾಡುತ್ತಿತ್ತು.

ಅಂಥದ್ದೊಂದು ಸೋಮವಾರ ಮುಂಜಾನೆ ಮುರಗೋಡ ರಸ್ತೆಯ ನರ್ಸರಿಯಲ್ಲಿ ಅದರ ಮಾಲೀಕ ರಾಯಪ್ಪ ಸಲಿಕೆಯ ಏಟಿಗೆ ಸತ್ತು ಬಿದ್ದಿದ್ದ. ಸಲಿಕೆ ನಾಪತ್ತೆ. ಮಧ್ಯಾಹ್ನದೊಳಗೆ ಫೌಜದಾರ ಭರತ ಚನ್ನವ್ವನ ಮಗ ಸುಭಾಸನನ್ನು ಒಳಗೆ ಹಾಕಿದ. ಕಾರಣ ಇತ್ತು. ಸುಭಾಸ ಆ ನರ್ಸರಿಯಿಂದ ಆಪೂಸ ಮಾವು ಎಂದು ತಂದ ಸಸಿ ಆರು ವರ್ಷ ಬೆಳೆದು ನೇರಳೆ ಹಣ್ಣು ಬಿಟ್ಟಿತ್ತು. ಹಿಂದಿನ ದಿನವಷ್ಟೇ ಅವನು ಪೇಟೆಯಲ್ಲಿ ನಿಂತು, "ರಾಯಪ್ಪಾ, ನಿನ್ನ ಹುಗದು ಮ್ಯಾಲೆ ನೇರಳಿ ಗಿಡಾ ಹಚ್ಚತೇನಿ!" ಅಂದದ್ದನ್ನು ಇಡೀ ಊರು ಕೇಳಿತ್ತು.

ಮೂರು ದಿನ ಚನ್ನವ್ವನ ಒಲೆ ಹೊತ್ತಲಿಲ್ಲ. ಗೋಡೆಯ ಹತ್ತಿರ ಬಂದು ಬೈಯಲೂ ಇಲ್ಲ. ಬೈಗುಳವಿಲ್ಲದೆ ಬಳ್ಳಿಯೇ ಬಾಡತೊಡಗಿತು. ಮಥುರಾಬಾಯಿ ಗೋಡೆಯ ಮೇಲಿಂದ ಇಣುಕಿದರು.

"ಚನ್ನವ್ವಾ, ಕಾಯಿ ಕೊಯ್ಕೊಂಡು ಹೋಗ್ತೀನಿ ನೋಡು."

"ಒಯ್ರಿ ಅಕ್ಕೋರ. ಮಗಾ ಇಲ್ದ ಮನ್ಯಾಗ ಕಡಬು ಯಾರಿಗೆ ಮಾಡ್ಲಿ?"

ಮಥುರಾಬಾಯಿ ಕಾಯಿ ಮುಟ್ಟಲಿಲ್ಲ. ಛತ್ರಿ ಹಿಡಿದು, ಮಾತಾಡಿಸಿಕೊಂಡು ಬರುವ ನೆಪದಲ್ಲಿ ನೇರ ನರ್ಸರಿಗೆ ನಡೆದರು.

ರಾಯಪ್ಪನ ಹೆಂಡತಿಯ ತಮ್ಮ ಲಕ್ಷ್ಮಣ ಬಾಗಿಲಲ್ಲೇ ಕೂತಿದ್ದ. ಸಸಿಗಳಿಗೆ ಹೆಸರಿನ ಚೀಟಿ ಕಟ್ಟುವ ಕೆಲಸ ಅವನದು. ಹಣೆತುಂಬ ವಿಭೂತಿ. ಜನ್ಮದಲ್ಲಿ ಒಮ್ಮೆ ಗುಡಿಗೆ ಹೋದವನು, ಅದೂ ಕಳೆದ ಚಪ್ಪಲಿ ಹುಡುಕಲು. ಮೊಣಕೈತನಕ ಗೀರುಗಳು.

"ಕೈಗೆ ಏನಾತಪಾ?"

"ಮುಳ್ಳು ಗೀರ್ಯಾವ್ರಿ ಅಕ್ಕೋರ. ಸೋಮವಾರ ನಸಿಕಿನ್ಯಾಗ ಪೂಜಾಕ್ಕ ಪತ್ರಿ ಹರಿಯಾಕ ಹೊಲದಾಗಿನ ಬಿಲ್ವದ ಗಿಡಾ ಹತ್ತಿದ್ನಿ. ಬರೂದ್ರಾಗ ಇಲ್ಲಿ ನಮ್ಮ ಮಾವ ಹೋಗಿಬಿಟ್ಟಿದ್ದ."

"ಸೋಮವಾರ ಹರದಿ?"

"ಮತ್ತ! ಶಿವನ ವಾರ ಅಲ್ರೀ?"

ಮಥುರಾಬಾಯಿ ಕನ್ನಡಕ ಒರೆಸಿಕೊಂಡು ಅವನ ಅಂಗೈ ನೋಡಿದರು. ಅಲ್ಲಿ ಮುರಿದು ಕೂತಿದ್ದ ಮುಳ್ಳು ಗಿಳಿಯ ಕೊಕ್ಕಿನಂತೆ ಬಾಗಿತ್ತು. ಬಿಲ್ವದ ಮುಳ್ಳು ಸೂಜಿಯಂತೆ ನೆಟ್ಟಗೆ. ಬಾಗಿದ್ದು ಗುಲಾಬಿಯದು.

ಠಾಣೆಯಲ್ಲಿ ಫೌಜದಾರ ಭರತ ತಲೆ ಕೆರೆದುಕೊಂಡ. ಅವನು ಅಕ್ಕೋರ ಹಳೆಯ ವಿದ್ಯಾರ್ಥಿ.

"ಸೋಮವಾರ ಪತ್ರಿ ಹರದದ್ದಕ್ಕ ಯಾವ ಕಲಂ ಹಾಕ್ಲಿ ಅಕ್ಕೋರ?"

"ಅಂವಾ ಹರದೇ ಇಲ್ಲೋ ದಡ್ಡಾ! ಹರಿಯಾಂವಗ ವಾರ ಗೊತ್ತಿರ್ತದ. ಗುಲಾಬಿ ಕಂಟ್ಯಾಗ ಮೊಣಕೈತನಕ ಕೈ ಹಾಕಿ ಏನು ಇಟ್ಟಾನ ನೋಡು ನಡಿ. ಸಾಲ್ಯಾಗೂ ನೀ ಅರ್ಧಾ ಲೆಕ್ಕಾ ಮಾಡಿ ಪಾಟಿ ಇಟ್ಟಬಿಡ್ತಿದ್ದಿ."

ನರ್ಸರಿಯಲ್ಲಿ ಭರತ "ಸಲಿಕಿ ಎಲ್ಲದ?" ಎನ್ನುವಷ್ಟರಲ್ಲಿ ಲಕ್ಷ್ಮಣನ ಕಣ್ಣು ಗುಲಾಬಿ ಪೊದೆಗೆ ಹೋಗಿ ಬಂತು. ಕುಂಬಳಕಾಯಿ ಕಳ್ಳನಾದರೂ ಹೆಗಲು ಮುಟ್ಟಿಕೊಳ್ಳಲು ಒಂದಿಷ್ಟು ಹೊತ್ತು ತೆಗೆದುಕೊಂಡಿದ್ದ; ಇವನು ಅಷ್ಟೂ ತಡೆಯಲಿಲ್ಲ. ಪೊದೆಯೊಳಗೆ ಸಲಿಕೆ ಸಿಕ್ಕಿತು, ಜೊತೆಗೆ ಆಪೂಸ ಎಂದು ಬರೆದ ಚೀಟಿಗಳ ಗಂಟು. ನೇರಳೆ ಸಸಿಗೆ ಆ ಚೀಟಿ ಕಟ್ಟುತ್ತಿದ್ದವನು ಲಕ್ಷ್ಮಣನೇ. ಸುಭಾಸನ ಜಗಳದ ನಂತರ ರಾಯಪ್ಪ ಅದನ್ನು ಪತ್ತೆ ಮಾಡಿ, ಊರೆದುರು ಹೇಳುತ್ತೇನೆ ಅಂದದ್ದಕ್ಕೇ ಸಲಿಕೆ ಎತ್ತಿದೆ ಎಂದು ಲಕ್ಷ್ಮಣ ಒಪ್ಪಿಕೊಂಡ.

ಸಂಜೆಗೆ ಸುಭಾಸ ಮನೆಗೆ ಬಂದ. ಮರುದಿನ ಚಹಾ ಆದ ಕೂಡಲೇ ಗೋಡೆಯಾಚೆ ಚನ್ನವ್ವನ ದನಿ ಎದ್ದಿತು.

"ಅಕ್ಕೋರ! ನಿಮ್ಮ ಬಳ್ಳಿ ನಮ್ಮ ಹೊಸ್ತಲಾ ದಾಟೇತಿ. ಕಡೀಲೋ ಹೆಂಗ?"

"ಮುಟ್ಟಿ ನೋಡು!" ಎಂದು ಗದರಿದ ಮಥುರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಳ್ಳಿ ನಿಂತ ನಿಲುವಿನಲ್ಲೇ ಚಿಗುರಿತು. ಕಡಬಿಗೆಂದು ಆ ಕಾಯಿ ಹೆಚ್ಚಲು ಬಡಿಗೇರ ಮನೆಯಿಂದ ಗರಗಸ ತರಿಸಿದರು. ಕೊಯ್ದು ಒಳಗೆ ನೋಡಿದರೆ, ಮೂರು ತಿಂಗಳ ಹಿಂದೆ ಕಳೆದಿದ್ದ ಚನ್ನವ್ವನ ಆಡು, ಎರಡು ಮರಿಗಳ ಸಮೇತ ಆರಾಮಾಗಿ... ಅಲ್ರೀ, ಎಲ್ಲಿಗೆ ಎದ್ರಿ? ಮರಿ ಬಣ್ಣಾನರ ಕೇಳಿ ಹೋಗ್ರಿ, ಅದರಾಗ ಒಂದಕ್ಕ ಬಾಲದ ಬದಲಿ ಕುಂಬಳದ ತೊಟ್ಟು...