ನಡುವಿನ ಹೊಲಿಗೆ

ದರ್ಜಿಯಮ್ಮನಿಗೆ ನಾದಿನಿಯ ಮೇಲೆ ಹೊಟ್ಟೆಕಿಚ್ಚು. ಸುಮ್ಮಸುಮ್ಮನೆ ಅಲ್ಲ ಬಿಡಿ. ಅಂಗಿಯ ಗುಂಡಿ ಕಿತ್ತುಹೋದರೂ ಅತ್ತಿಗೆಯ ಮುಂದೆ ತಂದು ಹಾಕುವವಳು, ಈಗ ತನ್ನ ಶಾಲೆಯ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಾಳಂತೆ! ಅದೂ ಎಂಥದ್ದು, ಮುಟ್ಟಿನ ದಿನಕ್ಕೆ ಬೇಕಾಗುವ, ಒಗೆದು ಮತ್ತೆ ಬಳಸುವ ಬಟ್ಟೆಯ ಪ್ಯಾಡು. ಮನೆಯಲ್ಲೇ ದರ್ಜಿ ಇದ್ದಾಳೆ, ಒಂದು ಮಾತು ಕೇಳೋಣ ಅಂತ ಅನ್ನಿಸಲಿಲ್ಲ ನೋಡಿ. ಹಿತ್ತಲ ಗಿಡ ಮದ್ದಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಸ್ವಂತ ಮಗಳೂ ಅದೇ ತರಗತಿಯಲ್ಲಿ. ಕೂತರೆ 'ಅತ್ತೆ ಹೀಗಂದ್ರು', ನಿಂತರೆ 'ಅತ್ತೆ ಹಾಗಂದ್ರು'. ಹೋದ ತಿಂಗಳು ಮೊದಲ ಸಲ ಮುಟ್ಟಾದಾಗಲೂ ಹೇಳಿದ್ದು ಅತ್ತೆಗೆ. ಹೆತ್ತವಳಿಗೆ ಸುದ್ದಿ ಬಂದದ್ದು ನಾದಿನಿಯ ಬಾಯಿಂದ. ಮಗಳು ಕೈತಪ್ಪಿ ಹೋಗುತ್ತಿದ್ದಾಳೆ ಅಂತ ಅವಳಿಗೆ ಒಳಗೊಳಗೇ ಭಯ.

ಈ ತಿಂಗಳು ತಾನೇ ಒಂದು ಪ್ಯಾಡು ಹೊಲಿದಳು. ಮೆತ್ತನೆ ಹತ್ತಿ ಬಟ್ಟೆಯ ಪದರಗಳು, ಅಡಿಗೆ ನೀರು ಇಳಿಯದ ಬಟ್ಟೆ. ಪದರ ಜರುಗದಿರಲಿ ಅಂತ ನಟ್ಟನಡುವೆ ಉದ್ದಕ್ಕೂ ಮೂರು ಸಾಲು ಹೊಲಿಗೆ.

ಮಗಳು ತಿರುಗಿಸಿ ನೋಡಿದಳು. "ಅಮ್ಮಾ, ನಡುವೆ ಹೊಲಿಯಬಾರದಂತೆ. ಅಂಚಿಗೆ ಮಾತ್ರ. ಸೂಜಿ ತೂತಲ್ಲಿ ಸೋರುತ್ತಂತೆ, ಅತ್ತೆ..."

"ಅಜ್ಜಿಗೇ ಕೆಮ್ಮೋದು ಕಲಿಸ್ತೀಯಾ? ಬೇಕಿದ್ರೆ ಹಾಕ್ಕೋ, ಇಲ್ಲಾಂದ್ರೆ ನಿಮ್ಮತ್ತೆ ಮನೇಲೇ ಹೋಗಿರು."

ಮಗಳು ಅದನ್ನೇ ಹಾಕಿಕೊಂಡು ಶಾಲೆಗೆ ಹೋದಳು.

ಸಂಜೆ ಬಂದದ್ದು ನಾದಿನಿಯ ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು. ಶಾಲು ಕಂಡದ್ದೇ ತಡ, ದರ್ಜಿಯಮ್ಮನಿಗೆ ಮೈಯೆಲ್ಲ ಉರಿಯಿತು. ಅದನ್ನು ಕಿತ್ತೆಸೆದ ಮೇಲೇ ಲಂಗದ ಕಲೆ ಕಂಡಿತು.

"ಎಲ್ಲರ ಮುಂದೆ ಆಡಿಕೊಂಡುಬಿಟ್ಟಳಾ ನಿಮ್ಮತ್ತೆ? ನಿಮ್ಮಮ್ಮ ದರ್ಜಿಯಾಗಿ ಇಷ್ಟೂ ಗೊತ್ತಿಲ್ವಾ ಅಂತ?"

"ನೀನು ಹೊಲಿದದ್ದು ಅಂತ ನಾನು ಹೇಳಲೇ ಇಲ್ಲ," ಅಂದಳು ಮಗಳು. "ನಾನೇ ಹೊಲಿದೆ ಅಂದೆ. ಎಷ್ಟು ಸಲ ಹೇಳಿಕೊಟ್ಟರೂ ಬರಲ್ಲ ಇವಳಿಗೆ ಅಂತ ಹುಡುಗೀರೆಲ್ಲ ನಕ್ಕರು. ಅತ್ತೆ ನಂಬಿದ ಹಾಗೆ ಕಾಣಲಿಲ್ಲ. ಸುಮ್ಮನೆ ಶಾಲು ಬಿಚ್ಚಿಕೊಟ್ಟರು."

ದರ್ಜಿಯಮ್ಮನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನೆಲದ ಮೇಲಿದ್ದ ಶಾಲನ್ನು ಎತ್ತಿ ಮಡಚಿದಳು.

"ಸೋರುತ್ತೆ ಅಂತ ಬೆಳಿಗ್ಗೆನೇ ಗೊತ್ತಿತ್ತಲ್ಲೇ ನಿನಗೆ. ಯಾಕೆ ಹಾಕ್ಕೊಂಡು ಹೋದೆ?"

"ನೀನು ಹೊಲಿದಿದ್ದಲ್ವಾ," ಅಂದಳು ಮಗಳು.